ಹಳೆ ಚೈನ್‌ಸಾಗೆ ಎಷ್ಟು ಇಂಚಿನ ಬಾರ್ ಹಾಕಬೇಕು?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆ ಹಳೆ ಚೈನ್‌ಸಾ ಇಲ್ಲದ ಊರು ಕಡಿಮೆ. ಎಸ್ಟೇಟಿನ ಹರಾಜಿನಲ್ಲಿ ಸಿಕ್ಕಿದ್ದು, ಗುಜರಿ ಅಂಗಡಿಯಿಂದ ಎತ್ತಿಕೊಂಡು ಬಂದದ್ದು, ಮನೆಯ ಅಟ್ಟದಲ್ಲಿ ಗೋಣಿ ಸುತ್ತಿಕೊಂಡು ಕೂತದ್ದು, ಹೀಗೆ ಎಲ್ಲಾದರೂ ಒಂದು ಇದ್ದೇ ಇರುತ್ತದೆ. ಕಾರ್ಬೊರೇಟರ್ ತೊಳೆದು, ಹೊಸ ಪ್ಲಗ್ ಹಾಕಿ ಎಂಜಿನ್ ಸ್ಟಾರ್ಟ್ ಆಯಿತು ಎಂದ ಕೂಡಲೇ ಬರುವ ಪ್ರಶ್ನೆ ಒಂದೇ, ಬಾರ್‌ನದ್ದು, ಅಂದರೆ ಚೈನ್ ಸುತ್ತ ಓಡುವ ಉದ್ದದ ಪಟ್ಟಿಯದ್ದು.

"ಬಾವ, ಇದಕ್ಕೆ ಮೂವತ್ತಾರು ಇಂಚಿನ ಬಾರ್ ಹಾಕಿದರೆ ಹೇಗೆ?"

"ಯಾವ ಮರ ಕೊಯ್ಯಲಿಕ್ಕೆ ಮಾರಾಯ?"

ಇದಕ್ಕೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಉದ್ದದ ಬಾರ್ ನೋಡಲಿಕ್ಕೆ ಗತ್ತು, ಅಷ್ಟೆ. ನನ್ನ ಲೆಕ್ಕ ಬೇರೆ. ನಿಮ್ಮ ದಿನನಿತ್ಯದ ಕೆಲಸಕ್ಕೆ ಸಾಕಾಗುವ ಬಾರ್‌ಗಳಲ್ಲಿ ಅತಿ ಗಿಡ್ಡ ಯಾವುದೋ ಅದೇ ಹಳೆ ಮಿಷನ್‌ಗೆ ಸರಿಯಾದ ಬಾರ್. ಅಪರೂಪಕ್ಕೆ ಬರುವ ದೊಡ್ಡ ಮರವನ್ನು ಎರಡು ಕಡೆಯಿಂದ ಕೊಯ್ಯಬಹುದು. ಆದರೆ ವರ್ಷವಿಡೀ ಉದ್ದದ ಬಾರ್ ಎಳೆದು ಸೋತ ಪಿಸ್ಟನ್‌ಗೆ ಮದ್ದಿಲ್ಲ.

ಮೊದಲು ಮರ ಅಳೆಯಿರಿ

ಅಂಗಡಿಯವರು 20 ಇಂಚು ಎಂದರೆ ಅದು ಬಾರ್‌ನ ಪೂರ್ತಿ ಉದ್ದ ಅಲ್ಲ. ಮಿಷನ್‌ನ ಮೈಯಿಂದ ಹೊರಗೆ ಕಾಣುವ, ನಿಜವಾಗಿ ಕೊಯ್ಯುವ ಭಾಗದ ಉದ್ದ. ಕವರಿನ ಒಳಗೆ ಬಾರ್‌ನ ಬಾಲ ಇನ್ನೂ ಕೆಲವು ಇಂಚು ಇರುತ್ತದೆ. ಬಿಚ್ಚಿದ ಬಾರ್‌ಗೆ ತುದಿಯಿಂದ ತುದಿಗೆ ಟೇಪು ಹಿಡಿದು "ಇದು 23 ಇಂಚು" ಎಂದು ಹೊಸದು ತರಲು ಹೊರಟರೆ ತಪ್ಪು ಸಾಮಾನು ಮನೆಗೆ ಬರುತ್ತದೆ.

ಮರದ ಅಳತೆಯಲ್ಲೂ ನಮ್ಮ ಕಡೆ ಒಂದು ಗೊಂದಲ ಇದೆ. ಮರದ ವ್ಯಾಪಾರಿಗಳು ಸುತ್ತಳತೆಯನ್ನು ನಾಲ್ಕರಿಂದ ಭಾಗಿಸುತ್ತಾರೆ. 60 ಇಂಚು ಸುತ್ತಿನ ಮರ ಅವರ ಬಾಯಲ್ಲಿ 15 ಆಗುತ್ತದೆ. ಅದು ಕ್ಯೂಬಿಕ್ ಅಡಿ ಲೆಕ್ಕ ಹಾಕುವ ಅಳತೆ. ಮರದ ದಪ್ಪ ಅಲ್ಲ. ನಿಜವಾದ ಅಡ್ಡಳತೆ ಬೇಕಾದರೆ ಸುತ್ತಳತೆಯನ್ನು 3.14ರಿಂದ ಭಾಗಿಸಬೇಕು. ಅದೇ 60 ಇಂಚಿನ ಮರ ಆಗ 19 ಇಂಚು ದಪ್ಪ ಆಯಿತು. 15 ಎಂದು ನಂಬಿ 16 ಇಂಚಿನ ಬಾರ್ ತೆಗೆದುಕೊಂಡು ಹೋದರೆ ಆಚೆ ಕಡೆ ಮೂರು ಇಂಚು ಮರ ಹಾಗೆಯೇ ಉಳಿಯುತ್ತದೆ. ಬಾಯಿಲೆಕ್ಕಕ್ಕೆ ಇಷ್ಟು ನೆನಪಿಟ್ಟರೆ ಸಾಕು: 36 ಇಂಚು ಸುತ್ತಿಗೆ ಹನ್ನೊಂದೂವರೆ, 48ಕ್ಕೆ 15, 72ಕ್ಕೆ 23.

ಅಳೆಯುವುದು ಎದೆಯ ಎತ್ತರದಲ್ಲಿ ಅಲ್ಲ, ನೀವು ಕೊಯ್ಯುವ ಎತ್ತರದಲ್ಲಿ. ಹಳೆ ಹಲಸು, ಧೂಪ ಇಂಥ ಮರಗಳು ಬುಡದಲ್ಲಿ ಅಗಲವಾಗುತ್ತಾ ಹೋಗುತ್ತವೆ. ಮೇಲೆ 20 ಇಂಚು ಇದ್ದದ್ದು ನೆಲದ ಹತ್ತಿರ 28 ಆಗಿರಬಹುದು.

ಅಡ್ಡಳತೆ ಸಿಕ್ಕಿದ ಮೇಲೆ ಅದಕ್ಕೆ ಎರಡು ಇಂಚು ಸೇರಿಸಿ. ಒಂದೇ ಕಡೆಯಿಂದ ಕೊಯ್ದು ಮುಗಿಸಲು ಅಷ್ಟು ಬಾರ್ ಬೇಕು. ಈಗ ನಿಮ್ಮ ಜಾಗದಲ್ಲಿ ಏನೇನಿದೆ ನೋಡಿ. ಅಡಿಕೆ ಮರಕ್ಕೆ 12 ಇಂಚಿನ ಬಾರ್ ಕೂಡ ಜಾಸ್ತಿಯೇ. ತೆಂಗು, ಮುದಿ ರಬ್ಬರ್ ಎಲ್ಲ ಹೆಚ್ಚುಕಡಿಮೆ ಒಂದು ಅಡಿ ದಪ್ಪ. 16 ಇಂಚು ಧಾರಾಳ. ಅಕೇಶಿಯಾ, ಗಾಳಿಮರ, ಗೇರು ಇವಕ್ಕೂ 16ರಿಂದ 18 ಸಾಕು. ಅದರಿಂದ ಮೇಲೆ ಬೇಕಾಗುವುದು ಮಾವು, ಹಲಸು, ಹೆಬ್ಬಲಸು, ಮತ್ತಿ, ಹುಣಸೆ ಇಂಥವಕ್ಕೆ ಮಾತ್ರ. ಅವು ವರ್ಷಕ್ಕೆ ಎಷ್ಟು ಬರುತ್ತವೆ ಎಂದು ನೀವೇ ಲೆಕ್ಕ ಹಾಕಿ. ಮಳೆಗಾಲಕ್ಕೆ ಮುಂಚೆ ಮನೆ ಮೇಲೆ ವಾಲಿದ ಒಂದೋ ಎರಡೋ ಮರ, ಅಲ್ವಾ? ಅದಕ್ಕೋಸ್ಕರ ಮುನ್ನೂರು ರಬ್ಬರ್ ಮರಕ್ಕೆ 30 ಇಂಚಿನ ಬಾರ್ ಹೊತ್ತುಕೊಂಡು ಗುಡ್ಡೆ ಹತ್ತುವುದು ಯಾಕೆ?

ಎಂಜಿನ್‌ಗೆ ಎಷ್ಟು ತಾಕತ್ತು ಉಳಿದಿದೆ?

ಒಳ್ಳೆ ಸ್ಥಿತಿಯಲ್ಲಿರುವ ಮಿಷನ್‌ಗೆ ಅಂದಾಜು ಹೀಗೆ ಇಟ್ಟುಕೊಳ್ಳಬಹುದು.

- 40 ಸಿಸಿ: 14ರಿಂದ 16 ಇಂಚು
- 50 ಸಿಸಿ: 16ರಿಂದ 18
- 60 ಸಿಸಿ: 18ರಿಂದ 20
- 70 ಸಿಸಿ: 20ರಿಂದ 24
- 80–90 ಸಿಸಿ: 24ರಿಂದ 28
- 100 ಸಿಸಿ ದಾಟಿದವು: 25ರಿಂದ 36

ಹಳೆ ಅಮೆರಿಕನ್ ಮಿಷನ್‌ಗಳಲ್ಲಿ, ಅಂದರೆ ಮೆಕಲಕ್, ಹೋಮ್‌ಲೈಟ್ ಇಂಥವುಗಳಲ್ಲಿ, ಸಿಸಿ ಬದಲು ಕ್ಯೂಬಿಕ್ ಇಂಚು ಇರುತ್ತದೆ. ಅದನ್ನು 16.4ರಿಂದ ಗುಣಿಸಿ. 5 ಕ್ಯೂಬಿಕ್ ಇಂಚು ಎಂದರೆ 82 ಸಿಸಿ. ಮಾಡೆಲ್ ಹೆಸರೇ ಅಳಿಸಿಹೋಗಿದ್ದರೆ ಸಿಲಿಂಡರಿನ ಬೋರ್ (ಒಳಗಿನ ಅಡ್ಡಳತೆ) ಮತ್ತು ಪಿಸ್ಟನ್‌ನ ಸ್ಟ್ರೋಕ್ (ಅದು ಒಂದು ಕಡೆಗೆ ಓಡುವ ದೂರ) ಅಳೆದು ಲೆಕ್ಕ ಹಾಕಬೇಕು. ಅಂಟಿಸಿದ ಸ್ಟಿಕ್ಕರನ್ನು ನಂಬಬೇಡಿ. 58 ಸಿಸಿ ಎಂದು ಬರೆದ ಅಗ್ಗದ ಹೊಸ ಮಿಷನ್‌ಗಳಲ್ಲಿ ಬೋರ್ 45.2 ಮಿಮೀ, ಸ್ಟ್ರೋಕ್ 34 ಮಿಮೀ ಇರುವುದುಂಟು. ಲೆಕ್ಕ ಹಾಕಿದರೆ 55 ಸಿಸಿ ಕೂಡ ದಾಟುವುದಿಲ್ಲ. ಅದಕ್ಕೆ 22 ಇಂಚಿನ ಬಾರ್ ಹಾಕಿ ಕೊಡುತ್ತಾರೆ!

ಮೇಲಿನ ಪಟ್ಟಿಯನ್ನು ಹಾಗೆಯೇ ಕಣ್ಣಿಗೊತ್ತಿಕೊಳ್ಳಬೇಡಿ. ಕಂಪನಿ ಪುಸ್ತಕದಲ್ಲಿ ಕೊಡುವ ಅತಿ ಹೆಚ್ಚಿನ ಉದ್ದ ಹೊಸ ಮಿಷನ್‌ನದ್ದು. ಪೈನ್‌ನಂಥ ಮೆತ್ತಗಿನ ಮರಕ್ಕೆ ಅದು ನಡೆಯುತ್ತದೆ. ಒಣಗಿದ ಹುಣಸೆ, ಕಿರಾಲುಭೋಗಿಯ ತಿರುಳಿಗೆ ಅದೇ ಬಾರ್ ಪೂರ್ತಿ ಇಳಿಸಿ ನೋಡಿ, ಎಂಜಿನ್ ಕೂತೇ ಬಿಡುತ್ತದೆ. ಗಟ್ಟಿ ಮರ ಜಾಸ್ತಿ ಕೊಯ್ಯುವವರು ಪಟ್ಟಿಯ ಎರಡು ಅಂಕಿಗಳಲ್ಲಿ ಕಡಿಮೆಯದ್ದನ್ನೇ ಹಿಡಿಯುವುದು ಒಳ್ಳೆಯದು.

ಇನ್ನು ಮಿಷನ್‌ನ ಈಗಿನ ಆರೋಗ್ಯ. ಒಂದು ಸುಲಭದ ಪರೀಕ್ಷೆ ಇದೆ. ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ವಯರ್ ಕಳಚಿ. ಮಿಷನನ್ನು ನೆಲದಿಂದ ಸ್ವಲ್ಪ ಮೇಲೆತ್ತಿ, ಸ್ಟಾರ್ಟರ್ ಹಗ್ಗದ ಹಿಡಿಯಲ್ಲಿ ಮಾತ್ರ ಅದು ತೂಗುವ ಹಾಗೆ ಮಾಡಿ. ಇನ್ನೊಂದು ಕೈ ಕೆಳಗೆ ಇರಲಿ, ಹಳೆ ಹಗ್ಗ ತುಂಡಾದರೂ ಆಗಬಹುದು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಚೆನ್ನಾಗಿದ್ದರೆ ಮಿಷನ್ ತಡೆದು ತಡೆದು, ಮೆಟ್ಟಿಲು ಇಳಿದ ಹಾಗೆ ಕೆಳಗೆ ಬರುತ್ತದೆ. ಎಲ್ಲೂ ನಿಲ್ಲದೆ ಸರ್ರನೆ ಇಳಿದರೆ ಪಿಸ್ಟನ್‌ನ ರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ.

ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. 150 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ಬಂದರೆ ಚಿಂತೆ ಇಲ್ಲ. ಕೆಲವು ಹಳೆ ದೊಡ್ಡ ಮಿಷನ್‌ಗಳು ಅದಕ್ಕಿಂತ ಸ್ವಲ್ಪ ಕಡಿಮೆಯಲ್ಲೂ ಚೆನ್ನಾಗಿ ಎಳೆಯುತ್ತವೆ. 120ಕ್ಕಿಂತ ಕೆಳಗೆ ಇಳಿದರೆ ಪಟ್ಟಿಯಲ್ಲಿ ಒಂದು ಮೆಟ್ಟಿಲು ಗಿಡ್ಡ ಬಾರ್ ಹಾಕಿ. 100ರ ಹತ್ತಿರ ಬಂದರೆ ಬಾರ್ ಆಮೇಲೆ ನೋಡೋಣ, ಮೊದಲು ರಿಂಗ್.

ಬಾರ್ ಉದ್ದವಾಗಿ ಎಂಜಿನ್ ಏದುಸಿರು ಬಿಡುತ್ತಿದ್ದರೆ ಅನೇಕರು ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರ್ ತಿರುಗಿಸಲು ಶುರು ಮಾಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ಪೀಡು ಹೆಚ್ಚಲಿ ಎಂದು ಪೆಟ್ರೋಲ್ ಕಡಿಮೆ ಮಾಡಿದರೆ ಒಳಗೆ ಹೋಗುವ ಆಯಿಲೂ ಕಡಿಮೆ ಆಗುತ್ತದೆ. ಮೇಲಿಂದ ಉದ್ದ ಬಾರ್‌ನ ಭಾರ ಬೇರೆ. ಪಿಸ್ಟನ್ ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹಳೆ ಮಾಡೆಲಿಗೆ ಸಿಲಿಂಡರ್ ಹುಡುಕುವ ಕಷ್ಟ ಹುಡುಕಿದವರಿಗೇ ಗೊತ್ತು.

070ರ ವಿಷಯ ಬೇರೆಯೇ

ಹಳೆ ಮಿಷನ್ ಮಾತು ಬಂದಾಗ ಸ್ಟಿಲ್ ಕಂಪನಿಯ 070 ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಬೋರ್ 58 ಮಿಮೀ, ಸ್ಟ್ರೋಕ್ 40 ಮಿಮೀ, ಒಟ್ಟು 106 ಸಿಸಿ. ಬಾರ್ ಇಲ್ಲದೆಯೇ 10 ಕಿಲೋಗೆ ಮೇಲೆ ತೂಕ. 1959ರಲ್ಲಿ ಬಂದ ಸ್ಟಿಲ್ ಕಾಂಟ್ರಾದ ಜಾತಿಯೇ ಇದು: ನಡುವೆ ಗೇರ್ ಇಲ್ಲ, ಕ್ಲಚ್ಚಿನಿಂದ ನೇರ ಚೈನ್ ತಿರುಗುತ್ತದೆ. ಈಗಿನ ಮಿಷನ್‌ಗಳ ಹಾಗೆ ಕಿರುಚುವುದಿಲ್ಲ. ನಿಧಾನಕ್ಕೆ ತಿರುಗುತ್ತದೆ, ಆದರೆ ಎಳೆತ ಜೋರು. ಅದಕ್ಕೇ ಇದಕ್ಕೆ .404 ಇಂಚು ಪಿಚ್ಚಿನ (ಪಿಚ್ ಅಂದರೆ ಚೈನ್ ಕೊಂಡಿಯ ಅಳತೆ) ದಪ್ಪ ಚೈನ್ ಹಾಕುತ್ತಾರೆ. ದಿಮ್ಮಿಯಿಂದ ಹಲಗೆ ಸೀಳುವವರು ಈಗಲೂ ಇದನ್ನು ಹುಡುಕುವುದು ಇದೇ ಕಾರಣಕ್ಕೆ.

070ಗೆ 41 ಇಂಚಿನ ಬಾರ್ ಕೂಡ ಬರುತ್ತದೆ. ಹಾಗೆಂದು ಅದನ್ನು ಹಾಕಲೇಬೇಕೆಂದಿಲ್ಲ. ಮರ ಉರುಳಿಸಲು, ತುಂಡು ಮಾಡಲು 25 ಇಂಚು ನನಗೆ ಇಷ್ಟ. ತೂಕ ಎರಡು ಕೈಗಳ ನಡುವೆ ಸರಿಯಾಗಿ ಕೂರುತ್ತದೆ. 30 ಇಂಚು ಹಾಕಿದರೆ ಮೂತಿ ಭಾರವಾಗಿ ಸೊಂಟ ಹಿಡಿಯಲು ಶುರು. 36ಕ್ಕೆ ಹೋಗುವುದಾದರೆ ಹಲ್ಲುಗಳ ನಡುವೆ ಜಾಸ್ತಿ ಅಂತರ ಇರುವ ಸ್ಕಿಪ್ ಚೈನ್ ಹಾಕಿ. ಒಂದೇ ಹೊತ್ತಿಗೆ ಮರ ಕಚ್ಚುವ ಹಲ್ಲು ಕಡಿಮೆ ಆದ್ದರಿಂದ ಎಂಜಿನ್‌ಗೆ ಹೊರೆ ಇಳಿಯುತ್ತದೆ. ಹೊಟ್ಟು ಹೊರಗೆ ಬರಲೂ ಜಾಗ ಸಿಗುತ್ತದೆ. ಹಲಗೆ ಸೀಳುವ ಕೆಲಸಕ್ಕೆ ಮಾತ್ರ ಇಷ್ಟು ಉದ್ದಕ್ಕೆ ಅರ್ಥ ಇದೆ. ಅಲ್ಲಿ ಮಿಷನನ್ನು ಕೈಯಲ್ಲಿ ಹೊರುವ ಬದಲು ದಿಮ್ಮಿಯ ಮೇಲೆ ಕೂರಿಸಿ ತಳ್ಳುತ್ತೀರಿ.

ಉದ್ದ ಬಾರ್ ಅನಿವಾರ್ಯವಾದರೆ ಇನ್ನೊಂದು ಉಪಾಯ ಇದೆ. ಚೈನ್ ತಿರುಗಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, 8 ಹಲ್ಲಿನದ್ದು ಇದ್ದರೆ 7 ಹಲ್ಲಿನದ್ದು ಹಾಕಿ. ಚೈನ್ ಎಂಟನೇ ಒಂದು ಭಾಗ ನಿಧಾನವಾಗುತ್ತದೆ, ಎಳೆತ ಏಳನೇ ಒಂದು ಭಾಗ ಹೆಚ್ಚುತ್ತದೆ.

ಆಯಿಲ್ ತುದಿಯವರೆಗೆ ಹೋಗುತ್ತದಾ?

ಇದನ್ನು ಯಾರೂ ನೋಡುವುದಿಲ್ಲ. ಹಳೆ ಮಿಷನ್‌ನ ಆಯಿಲ್ ಪಂಪು ಅದರ ಕಾಲದ ಬಾರ್‌ಗೆ ತಕ್ಕ ಹಾಗೆ ಮಾಡಿದ್ದು. ಸವೆದಿದ್ದರೆ ಇನ್ನೂ ಕಡಿಮೆ ಕೊಡುತ್ತದೆ. 20 ಇಂಚಿಗೆ ಸಾಕಾಗುತ್ತಿದ್ದ ಆಯಿಲ್ 30 ಇಂಚಿಗೆ ಎಲ್ಲಿಂದ ಸಾಕು? ತುದಿಯಲ್ಲಿ ಒಣಗಿ ಬಾರ್ ನೀಲಿಗಟ್ಟುತ್ತದೆ, ಚೈನ್ ಎಳೆದು ಉದ್ದವಾಗುತ್ತದೆ.

ಪರೀಕ್ಷೆ ಹೀಗೆ. ಒಂದು ಒಣ ಹಲಗೆ ಅಥವಾ ಪೇಪರ್ ನೆಲದ ಮೇಲೆ ಇಡಿ. ಬಾರ್‌ನ ತುದಿಯನ್ನು ಅದರಿಂದ ಸುಮಾರು ಒಂದು ಗೇಣು ದೂರ ಹಿಡಿದು ಅರ್ಧ ಥ್ರಾಟಲ್ ಕೊಡಿ. ಕೆಲವು ಕ್ಷಣದಲ್ಲಿ ಆಯಿಲ್‌ನ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್ ಬಿಚ್ಚಿ, ಬಾಲದಲ್ಲಿರುವ ಸಣ್ಣ ತೂತಿಗೆ ಕಡ್ಡಿ ಹಾಕಿ ನೋಡಿ. ಹೊಟ್ಟು ಆಯಿಲ್ ಜೊತೆ ಸೇರಿ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ತೆಂಗು, ಅಡಿಕೆಯ ನಾರಂತೂ ಬೇಗ ಸಿಕ್ಕಿಹಾಕಿಕೊಳ್ಳುತ್ತದೆ. ತೂತು ಚೊಕ್ಕ ಇದ್ದೂ ಆಯಿಲ್ ಬಾರದಿದ್ದರೆ, ಆ ತೂತು ಮಿಷನ್‌ನ ಆಯಿಲ್ ಬಾಯಿಗೆ ಸರಿಯಾಗಿ ಕೂರುತ್ತಿದೆಯೇ ನೋಡಿ. ಬೇರೆ ಮಿಷನ್‌ನ ಬಾರ್ ತಂದು ಕೂರಿಸಿದಾಗ ಕೈಕೊಡುವುದು ಇಲ್ಲೇ.

ಕೆಲವು ಹಳೆ ಮಿಷನ್‌ಗಳಲ್ಲಿ ಹೆಬ್ಬೆರಳಿನಲ್ಲಿ ಒತ್ತುವ ಕೈಪಂಪು ಇರುತ್ತದೆ. ಅದಿದ್ದರೆ ಕೊಯ್ಯುತ್ತಾ ಆಗಾಗ ಒತ್ತುತ್ತಿರಬೇಕು. ಇನ್ನು ಲಾರಿ, ಜೀಪಿನಿಂದ ತೆಗೆದ ಸುಟ್ಟ ಆಯಿಲ್ ಹಾಕುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಅದರಲ್ಲಿ ಲೋಹದ ಹುಡಿ ಇರುತ್ತದೆ, ಪಂಪು ಸವೆಯುತ್ತದೆ. ಮೈಗೆ, ಮುಖಕ್ಕೆ ಹಾರುವುದು ಚರ್ಮಕ್ಕೂ ಒಳ್ಳೆಯದಲ್ಲ. ಹತ್ತು ರೂಪಾಯಿ ಉಳಿಸಲು ಹೋಗಿ ಪಂಪು ಕಳೆದುಕೊಳ್ಳಬೇಡಿ.

ಉದ್ದ ಒಂದೇ ಹೊಂದಿದರೆ ಸಾಲದು

ಬಾರ್‌ನ ಬಾಲದ ಹತ್ತಿರ ಸಣ್ಣ ಅಕ್ಷರದಲ್ಲಿ ಕೆಲವು ಅಂಕಿ ಕೊರೆದಿರುತ್ತದೆ. ಸೀಮೆಎಣ್ಣೆ ಹಾಕಿ ಉಜ್ಜಿ, ಓರೆ ಬೆಳಕಿನಲ್ಲಿ ನೋಡಿ. ಉದ್ದ, ಪಿಚ್, ಗೇಜ್, ಡ್ರೈವ್ ಲಿಂಕ್‌ಗಳ ಸಂಖ್ಯೆ ಅಲ್ಲಿ ಸಿಗುತ್ತವೆ. ಅಳಿಸಿಹೋಗಿದ್ದರೆ ಚೈನಿನಿಂದ ತಿಳಿಯಬಹುದು. ಸಾಲಾಗಿರುವ ಮೂರು ರಿವೆಟ್‌ಗಳ ದೂರ ಅಳೆದು ಎರಡರಿಂದ ಭಾಗಿಸಿದರೆ ಪಿಚ್. ಮುಕ್ಕಾಲು ಇಂಚು ಬಂದರೆ ಅದು 3/8 ಚೈನ್. ಗೇಜ್ ಎಂದರೆ ಬಾರ್‌ನ ಅಂಚಿನ ಸೀಳಿನೊಳಗೆ ಓಡುವ ಡ್ರೈವ್ ಲಿಂಕ್‌ನ ದಪ್ಪ. ವರ್ನಿಯರ್‌ನಲ್ಲಿ ಹಿಡಿದರೆ ಹೆಚ್ಚಾಗಿ 1.3, 1.5 ಅಥವಾ 1.6 ಮಿಮೀ ಬರುತ್ತದೆ. 1.6ರ ಸೀಳಿನಲ್ಲಿ 1.3ರ ಚೈನ್ ಕೂರುತ್ತದೆ, ತಿರುಗುತ್ತದೆ ಕೂಡ. ಆದರೆ ಆಚೀಚೆ ವಾಲಿ ಸೊಟ್ಟ ಕೊಯ್ಯುತ್ತದೆ.

ಪಿಚ್ ಸ್ಪ್ರಾಕೆಟ್‌ಗೂ ಹೊಂದಬೇಕು, ಬಾರ್‌ನ ಮೂತಿಯಲ್ಲಿ ಚಕ್ರ ಇದ್ದರೆ ಅದಕ್ಕೂ ಹೊಂದಬೇಕು. ಬಾಲದ ಆಕಾರ ಇನ್ನೊಂದು ತಲೆನೋವು. ಸ್ಟಿಲ್‌ನಲ್ಲೇ ಸಣ್ಣ ಮಿಷನ್‌ಗಳದ್ದು 3005, ಮಧ್ಯಮದವುಗಳದ್ದು 3003, 070 ಮತ್ತು 090ರಂಥ ದೊಡ್ಡವುಗಳದ್ದು 3002 ಎಂಬ ಸಂಖ್ಯೆಯಿಂದ ಶುರುವಾಗುತ್ತದೆ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಹಳೆ ಬಾರನ್ನೇ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದು ಎಲ್ಲಕ್ಕಿಂತ ಸುಲಭ.

ಸೆಕೆಂಡ್ ಹ್ಯಾಂಡ್ ಬಾರ್ ಕೊಳ್ಳುವಾಗ ಅಂಚನ್ನು ಬೆರಳಿನಿಂದ ಸವರಿ. ಹೊರಗೆ ಮಡಚಿಕೊಂಡ ತೆಳು ತುಟಿ ಸಿಕ್ಕಿದರೆ ಅರ ಹಾಕಿ ತೆಗೆಯಬಹುದು, ಅದು ದೋಷ ಅಲ್ಲ. ಚೈನ್ ಹಾಕಿ ಅಲ್ಲಾಡಿಸಿದಾಗ ಸಲೀಸಾಗಿ ಪಕ್ಕಕ್ಕೆ ವಾಲಿದರೆ ಮಾತ್ರ ಬೇಡ ಎನ್ನಿ. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ ಬಾಗು ಇದೆಯೇ ಎಂದೂ ಗಮನಿಸಿ.

ಬ್ರೇಕ್ ಇಲ್ಲದ ಮಿಷನ್

ಚೈನ್ ಬ್ರೇಕ್ ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಹಳೆಯವುಗಳಲ್ಲಿ ಅನೇಕಕ್ಕೆ ಮುಂದೆ ಕೈ ಕಾಯುವ ಗಾರ್ಡ್ ಕೂಡ ಇರುವುದಿಲ್ಲ. ಬಾರ್‌ನ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ನಿಮ್ಮ ಕಡೆಗೆ ಎಗರುತ್ತದೆ. ಬಾರ್ ಅಗತ್ಯಕ್ಕಿಂತ ಉದ್ದವಿದ್ದರೆ ಮೂತಿ ಮರದ ಆಚೆ, ನಿಮ್ಮ ಕಣ್ಣಿಗೆ ಕಾಣದ ಕಡೆ ಇರುತ್ತದೆ. ಅಲ್ಲಿ ಕಲ್ಲಿದೆಯೋ, ಇನ್ನೊಂದು ಗೆಲ್ಲಿದೆಯೋ ಯಾರಿಗೆ ಗೊತ್ತು? ಗಿಡ್ಡ ಬಾರ್‌ಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇದೂ ಒಂದು ಕಾರಣ. ಹೆಲ್ಮೆಟ್, ಕನ್ನಡಕ, ಗಟ್ಟಿ ಬೂಟು ಇಲ್ಲದೆ, ಲುಂಗಿ ಎತ್ತಿಕಟ್ಟಿ ಇಂಥ ಮಿಷನ್ ಹಿಡಿಯಬೇಡಿ. ಮರ ಹತ್ತಿ ಕೊಯ್ಯುವ ಕೆಲಸಕ್ಕೆ ಈ ಮಿಷನ್ ಅಲ್ಲವೇ ಅಲ್ಲ.

20 ಇಂಚಿನ ಬಾರ್‌ನಲ್ಲಿ ನೆಲಕ್ಕೆ ಬಿದ್ದ ಮೂರು ಅಡಿ ದಪ್ಪದ ದಿಮ್ಮಿಯನ್ನೂ ತುಂಡು ಮಾಡಬಹುದು. ಒಂದು ಕಡೆಯಿಂದ ಅರ್ಧದಷ್ಟು ಕೊಯ್ದು, ಬೆಣೆ ಬಡಿದು, ಆಚೆ ಕಡೆಗೆ ಹೋಗಿ ಉಳಿದದ್ದನ್ನು ಕೊಯ್ಯುವುದು. ಎರಡೂ ಕೊಯ್ತ ಒಂದೇ ಗೆರೆಯಲ್ಲಿ ಸೇರಲು ಮೊದಲೇ ಸುತ್ತಲೂ ಸುಣ್ಣದ ಗೆರೆ ಹಾಕಿಕೊಳ್ಳಿ. ನಿಂತ ಮರವಾದರೆ, ಅದೂ ಮನೆಗೋ ಕರೆಂಟಿನ ತಂತಿಗೋ ವಾಲಿದ್ದಾದರೆ, ಈ ಕೆಲಸದಲ್ಲಿ ಕೈ ಪಳಗಿದವರಿಗೇ ಬಿಡಿ. ಕೆಎಸ್‌ಇಬಿಗೆ (ಕೇರಳದ ವಿದ್ಯುತ್ ಮಂಡಳಿಗೆ) ಹೇಳಿ ಲೈನ್ ಆಫ್ ಮಾಡಿಸುವ ಮೊದಲು ಹಗ್ಗ ಕೂಡ ಕಟ್ಟಬೇಡಿ.

ಹಾಕಿ ನೋಡುವುದು

ಲೆಕ್ಕ ಎಲ್ಲ ಆಯಿತು. ಉದಾಹರಣೆಗೆ ನಿಮ್ಮದು 61 ಸಿಸಿಯ ಹಳೆ ಮಿಷನ್, ಕಂಪ್ರೆಷನ್ 130, ಕೆಲಸ ಹೆಚ್ಚಾಗಿ ರಬ್ಬರ್ ಮತ್ತು ಅಕೇಶಿಯಾ, ನಡುವೆ ಅಪರೂಪಕ್ಕೊಂದು ಹಲಸು ಎಂದಿಟ್ಟುಕೊಳ್ಳಿ. ನಾನಾದರೆ 18 ಹಾಕುತ್ತೇನೆ. 20 ಕೂಡ ಎಳೆಯುತ್ತದೆ, ಆದರೆ ಲಾಭ ಇಲ್ಲ.

ಹೊಸ ಚೈನನ್ನು ಒಂದು ರಾತ್ರಿ ಬಾರ್ ಆಯಿಲ್‌ನಲ್ಲಿ ನೆನೆಸಿಡಿ. ಹಾಕಿದ ಮೇಲೆ ಎರಡು ಮೂರು ನಿಮಿಷ ಅರ್ಧ ಥ್ರಾಟಲ್‌ನಲ್ಲಿ ಸುಮ್ನೆ ಓಡಿಸಿ, ತಣ್ಣಗಾದ ಮೇಲೆ ಬಿಗಿ ಮಾಡಿ. ಬಿಗಿ ಮಾಡುವಾಗ ಬಾರ್‌ನ ಮೂತಿಯನ್ನು ಮೇಲೆತ್ತಿ ಹಿಡಿದಿರಬೇಕು. ಚೈನ್ ಅಡಿಯಲ್ಲಿ ಜೋತು ಬೀಳಬಾರದು, ಕೈಯಿಂದ ಎಳೆದರೆ ಸಲೀಸಾಗಿ ತಿರುಗಬೇಕು.

ಆಮೇಲೆ ಬಾರ್ ಪೂರ್ತಿ ಮುಳುಗುವಷ್ಟು ದಪ್ಪದ ದಿಮ್ಮಿಯಲ್ಲಿ ಒಂದು ಕೊಯ್ತ ಹಾಕಿ. ಒತ್ತಬೇಡಿ, ಮಿಷನ್‌ನ ತೂಕದಲ್ಲೇ ಇಳಿಯಲಿ. ದಪ್ಪ ಚಕ್ಕೆ ಹಾರಿ ಎಂಜಿನ್ ಸದ್ದು ಒಂದೇ ಸಮ ಇದ್ದರೆ ಬಾರ್ ಸರಿಯಾಗಿದೆ. ಹಿಟ್ಟಿನಂಥ ಹುಡಿ ಬಂದರೆ ಬಾರ್ ಬೈಯಬೇಡಿ, ಚೈನ್ ಮೊಂಡಾಗಿದೆ. ಚೈನ್ ಹರಿತ ಇದ್ದೂ ಎಂಜಿನ್ ಕುಗ್ಗುತ್ತಿದ್ದರೆ, ಅಥವಾ ಎಂಜಿನ್ ಓಡುತ್ತಾ ಚೈನ್ ನಿಂತು ಕ್ಲಚ್ಚಿನಿಂದ ಸುಟ್ಟ ವಾಸನೆ ಬಂದರೆ, ಎರಡೋ ನಾಲ್ಕೋ ಇಂಚು ಗಿಡ್ಡದ್ದಕ್ಕೆ ಇಳಿಯಿರಿ. ಬಾರ್ ಬದಲಾದರೆ ಅದಕ್ಕೆ ತಕ್ಕ ಲಿಂಕ್ ಎಣಿಸಿದ ಚೈನ್ ಬೇರೆಯೇ ಬೇಕು.

ಅಂಚು ಎರಡೂ ಕಡೆ ಸಮನಾಗಿ ಸವೆಯಲು ಪ್ರತಿ ಸಲ ಚೈನ್‌ಗೆ ಅರ ಹಾಕುವಾಗ ಬಾರನ್ನು ಮಗುಚಿ ಹಾಕಿ. ಬಿಸಿಯಲ್ಲಿ ಚೈನ್ ಸಡಿಲವಾಯಿತೆಂದು ಕೆಲಸದ ನಡುವೆ ಬಿಗಿ ಮಾಡಿದ್ದರೆ, ಸಂಜೆ ಮಿಷನ್ ಎತ್ತಿಡುವ ಮುಂಚೆ ಮರೆಯದೆ ಸಡಿಲ ಮಾಡಿ. ತಣ್ಣಗಾದಾಗ ಚೈನ್ ಕುಗ್ಗಿ ಕ್ರ್ಯಾಂಕ್‌ಶಾಫ್ಟನ್ನೂ ಬೇರಿಂಗನ್ನೂ ಎಳೆಯುತ್ತದೆ. ಉದ್ದ ಬಾರ್‌ನಲ್ಲಿ ಆ ಎಳೆತ ಇನ್ನೂ ಜಾಸ್ತಿ.